ತತ್ತಿ ಕೆಳಗಿನ ಹೆಸರು

"ತತ್ತಿ ಸರಿಸಿ ನೋಡಬ್ಯಾಡ್ರಿ ಸರ."

ಸೋಮವಾರ ಕೇಳಿದ ಮಾತು. ಇವತ್ತು ಶುಕ್ರವಾರ, ಇನ್ನೂ ಕಿವಿಯಲ್ಲೇ ಇದೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟ, ಮಣೂಕ ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡು. ಖಾಲಿ ಕ್ರೇಟು ಎತ್ತಿದಾಗ ಅಂಗೈಯಗಲದ ಜೇಡವೊಂದು ಗೋಡೆಗೆ ಹತ್ತಿತ್ತು. ಕೂಲಿಗೆ ಬಂದಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ಅದರ ಮೇಲೆ ಗಾಜಿನ ಬರಣಿ ಬೋರಲು ಹಾಕಿ, ಗೋಡೆಗೂ ಬರಣಿಯ ಬಾಯಿಗೂ ನಡುವೆ ರಟ್ಟಿನ ತುಂಡು ಮೆಲ್ಲಗೆ ತೂರಿಸಿ ಮುಚ್ಚಿಟ್ಟಿದ್ದರು. ಜೇಡ ಹಿಡಿಯಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಚಿಮಟಾದಲ್ಲಿ ಹಿಡಿದರೆ ಕಾಲು ಕಳಚುತ್ತದೆ, ಬಟ್ಟೆಯಲ್ಲಿ ಹಿಡಿದರೆ ಮೆತ್ತನೆಯ ಹೊಟ್ಟೆ ಒಡೆಯುತ್ತದೆ. ಆ ಅವ್ವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತೋಟದವರ ಮಗ ಆಗಲೇ ಮೊಬೈಲಿನಲ್ಲಿ ಫೋಟೋ ಹೊಡೆದು ಹೆಸರು ಹುಡುಕಿಯಾಗಿತ್ತು. "ಟರಾಂಟುಲಾ ಐತ್ರಿ ಸರ. ಕಡದ್ರ ಮನಷ್ಯಾ ಉಳಿಯಂಗಿಲ್ಲ." ಔಷಧ ಹೊಡೆಯುವ ಪಂಪು ಬಾಗಿಲಲ್ಲೇ ತಯಾರಿತ್ತು. ಅವ್ವ ಮಾತ್ರ ಬರಣಿ ಕೈಬಿಡದೆ ಕೇಳಿದರು: "ಇದರ ಮನಿತನ ಯಾವುದ್ರಿ?"

ಇಬ್ಬರ ಈ ಎರಡು ಮಾತಿನ ನಡುವೆ ಇರುವ ಅಂತರವೇ ಜೇಡಗಳ ವರ್ಗೀಕರಣದ ಅರ್ಧ ಪಾಠ. ಹುಡುಗ ಕೊನೆಯ ಮೆಟ್ಟಿಲಿಗೆ ಮೊದಲೇ ಜಿಗಿದ. ಅವ್ವ ಮೊದಲ ಮೆಟ್ಟಿಲಿನ ಮೇಲೆ ನಿಂತು ಕೇಳಿದರು.

ಜೇಡಗಳ ವಿಷಯದಲ್ಲಿ ಬಣ್ಣ ನೋಡಿ ಹೆಸರು ಹೇಳುವಂತಿಲ್ಲ. ಒಂದೇ ಪ್ರಭೇದದ ಗಂಡು ಹೆಣ್ಣು ಬೇರೆ ಬಣ್ಣದವಿರುತ್ತವೆ, ಮರಿ ಮತ್ತೊಂದು ಬಣ್ಣದ್ದು, ಪೊರೆ ಬಿಟ್ಟ ಹೊಸತರಲ್ಲಿ ಇನ್ನೊಂದು. ನೋಡಬೇಕಾದದ್ದು ಮೊದಲು ಬಾಯಿ. ವಿಷದ ಹಲ್ಲುಗಳೆರಡೂ ಗುದ್ದಲಿಯ ಹಾಗೆ ಮೇಲಿನಿಂದ ಕೆಳಕ್ಕೆ ಒಂದರ ಪಕ್ಕ ಒಂದು ಬೀಳುತ್ತವೆಯೋ, ಚಿಮಟಾದ ಹಾಗೆ ಎದುರುಬದುರು ಕೂಡುತ್ತವೆಯೋ? ಗುದ್ದಲಿಯಾದರೆ ಹಳೆಯ ಕವಲು. ಹೊಟ್ಟೆಯ ಅಡಿಯಲ್ಲಿ ಪುಸ್ತಕದ ಹಾಳೆಯಂಥ ಪುಪ್ಪುಸಗಳು ಸಾಮಾನ್ಯವಾಗಿ ಎರಡು ಜೋಡಿ ಇರುತ್ತವೆ. ಇಂದು ಟರಾಂಟುಲಾ ಎಂದು ಕರೆಸಿಕೊಳ್ಳುವ ದೊಡ್ಡ ರೋಮದ ಜೇಡಗಳು, ಅಂದರೆ ಥೆರಫೋಸಿಡೇ ಕುಟುಂಬ, ಈ ಕವಲಿಗೆ ಸೇರಿದವು. ಚಿಮಟಾದಂತಿದ್ದರೆ ಉಳಿದ ಬಹುಪಾಲು ಜೇಡಗಳ ಕವಲು. ಬರಣಿಯೊಳಗಿನದು ಗಾಜಿಗೆ ಅಂಟಿಕೊಂಡು ತನ್ನ ಅಡಿಭಾಗ ತೋರಿಸುತ್ತಿತ್ತು. ಹಲ್ಲು ಎದುರುಬದುರು. ಅಲ್ಲಿಗೆ ಹುಡುಗನ ಟರಾಂಟುಲಾ ಬಿದ್ದುಹೋಯಿತು. ಲೆನ್ಸು ಕೂಡ ಬೇಕಾಗಲಿಲ್ಲ.

ಆ ಹೆಸರೇ ಒಂದು ಎಡವಟ್ಟು. ಇಟಲಿಯ ಟರಾಂಟೊ ಎಂಬ ಊರಿನ ಸುತ್ತ ಸಿಗುವ ಒಂದು ತೋಳ ಜೇಡದ ಹೆಸರು ಅದು. ಪ್ರಾಣಿಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ಹಾಕಿಕೊಟ್ಟ ಲಿನೆಯಸ್ 1758ರಲ್ಲಿ ಕೊಟ್ಟ ಹೆಸರಿನಲ್ಲೂ ಆ ಊರು ಉಳಿದಿದೆ. ಮುಂದೆ ಯೂರೋಪಿನವರು ಅಮೆರಿಕದಲ್ಲಿ ದೊಡ್ಡ ರೋಮದ ಜೇಡಗಳನ್ನು ಕಂಡು ಅದೇ ಹೆಸರಿನಿಂದ ಕರೆದರು. ಊರ ಮೇಲಿನ ಹೆಸರು, ಆ ಊರಿನದಲ್ಲದ ಪ್ರಾಣಿಗೆ. ಈಗ ವಿಜಯಪುರದ ಶೆಡ್ಡಿನಲ್ಲಿ ಇನ್ನೊಂದು ಮನೆತನದ ಜೇಡಕ್ಕೆ ಅದೇ ಹೆಸರು ಹತ್ತಿತು, ಹಿಂದೆಯೇ ಔಷಧದ ಪಂಪು ಬಂತು.

ಬಾಯಿ ಆದ ಮೇಲೆ ಕಣ್ಣು. ಹತ್ತು ಪಟ್ಟು ದೊಡ್ಡದು ಮಾಡುವ ಕೈಲೆನ್ಸು ಸಾಕು. ಬಹುತೇಕ ಜೇಡಗಳಿಗೆ ಎಂಟು ಕಣ್ಣು, ಅವು ಕೂತ ರೀತಿಯೇ ಮನೆತನದ ಗುರುತು. ಮುಂದೆ ನಾಲ್ಕು ಸಣ್ಣವು, ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು ಇದ್ದರೆ ತೋಳ ಜೇಡ, ಲೈಕೋಸಿಡೇ. ರಾತ್ರಿ ಹಣೆಗೆ ಬ್ಯಾಟರಿ ಹಿಡಿದು ಹೊಲದಲ್ಲಿ ನಡೆದರೆ ಎರೆಯ ಬಿರುಕುಗಳ ನಡುವೆ ಇಬ್ಬನಿ ಹನಿಯಂತೆ ಹೊಳೆಯುವವು ಇವುಗಳ ಕಣ್ಣು. ಮುಂಭಾಗದಲ್ಲಿ ಎರಡು ಮಾತ್ರ ಗಾಡಿಯ ದೀಪದಷ್ಟು ದೊಡ್ಡವಿದ್ದು, ಹತ್ತಿರ ಹೋದರೆ ಜೇಡ ತಾನೇ ತಿರುಗಿ ನಿಮ್ಮನ್ನು ನೋಡಿದರೆ ಅದು ಹಾರು ಜೇಡ, ಸಾಲ್ಟಿಸಿಡೇ. ಜೇಡಗಳಲ್ಲೆಲ್ಲ ಅತಿ ದೊಡ್ಡ ಕುಟುಂಬ, 6,000ಕ್ಕೂ ಹೆಚ್ಚು ಪ್ರಭೇದ. ಆರು ಮೂಲೆಯ ಆಕಾರದಲ್ಲಿ ಕಣ್ಣು, ಕಾಲ ಮೇಲೆ ನೆಟ್ಟಗೆ ನಿಂತ ಮುಳ್ಳು, ವಾಸ ದ್ರಾಕ್ಷಿ ಎಲೆಯ ಮೇಲೆ ಎಂದರೆ ಆಕ್ಸಿಯೋಪಿಡೇ. ಬರಣಿಯ ಜೇಡಕ್ಕೆ ಎರಡು ಸಾಲು, ಸಾಲಿಗೆ ನಾಲ್ಕು. ಕಾಲುಗಳು ಏಡಿಯ ಹಾಗೆ ಬದಿಗೆ ಚಾಚಿದ್ದವು. ಕಾಲಿಗೆ ಏಳು ಗೆಣ್ಣು. ಕೊನೆಯ ಗೆಣ್ಣಿಗೂ ಅದರ ಹಿಂದಿನ ಗೆಣ್ಣಿಗೂ ನಡುವೆ, ಮೇಲುಗಡೆ, ಮೂರು ಎಸಳಿನ ಮೆತ್ತನೆಯ ಪೊರೆ. ಪಾದ ಮೇಲಕ್ಕೂ ಹೊರಳಲು ಬಿಡುವ ಈ ಪೊರೆ ಸ್ಪಾರಾಸಿಡೇ ಕುಟುಂಬದ ಮುದ್ರೆ.

"ಇದು ಸ್ಪಾರಾಸಿಡೇ ಮನಿತನದ್ದು ಯವ್ವಾ. ಬಲಿ ನೇಯೂದಿಲ್ಲ, ಬೆನ್ನ ಹತ್ತಿ ಜೊಂಡಿಗ್ಯಾ ಹಿಡೀತದ."

"ನನಗೂ ಹಂಗ ಅನ್ನಿಸ್ತರಿ," ಅಂದರು. "ಹೊಲದಾಗಿನ ಜ್ಯಾಡ ತತ್ತಿ ಗಂಟ ಹಿಂದ ಕಟಗೊಂಡ ಓಡ್ತದ. ಇದು ಎದಿ ಬುಡಕ ಹಪ್ಪಳದಂಗ ಹಿಡಕೊಂಡದ. ಅದು ಬ್ಯಾರೆ, ಇದು ಬ್ಯಾರೆ."

ಆಗ ಲೆನ್ಸು ಕೆಳಗಿಳಿಸಿ ಅವರ ಮುಖ ನೋಡಬೇಕಾಯಿತು. ಕುಟುಂಬ ಗುರುತಿಸಲು ಪಳಗಿದವರು ಬಳಸುವ ಸೂಕ್ಷ್ಮವೇ ಅದು. ತೋಳ ಜೇಡ ತತ್ತಿಯ ಚೀಲವನ್ನು ಹಿಂಬದಿಯ ನೂಲು ಬಿಡುವ ಅಂಗಗಳಿಗೆ ಕಟ್ಟಿಕೊಳ್ಳುತ್ತದೆ, ಚೀಲ ಗುಂಡಗೆ. ಮನೆಯ ಮೂಲೆಯ ಉದ್ದ ಸಪೂರ ಕಾಲಿನ ಫೋಲ್ಸಿಡೇ ಚೀಲವನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತದೆ. ನೂಲು ಎಷ್ಟು ತೆಳುವೆಂದರೆ ಒಳಗಿನ ತತ್ತಿ ಎಣಿಸಬಹುದು. ಸ್ಪಾರಾಸಿಡೇ ಕುಟುಂಬದ ಈ ಜೇಡದ್ದು ಚಪ್ಪಟೆ ಬಿಳಿ ಬಿಲ್ಲೆ, ರೂಪಾಯಿ ನಾಣ್ಯದ ಅಳತೆ, ಒಳಗೆ ನೂರಕ್ಕೂ ಮೀರಿ ತತ್ತಿ. ಮರಿ ಹೊರಬರುವವರೆಗೂ ತಾಯಿ ಅದನ್ನು ಮೈಯಡಿ ಹೊತ್ತೇ ತಿರುಗುತ್ತಾಳೆ. ಲ್ಯಾಟಿನ್ ಬಾರದ, ಅಕ್ಷರವನ್ನೂ ಹೆಚ್ಚು ಕಲಿಯದ ಆ ಅವ್ವ ಎರಡು ಕುಟುಂಬಗಳನ್ನು ಸರಿಯಾಗಿ ಬೇರೆ ಮಾಡಿದ್ದರು, ಅದೂ ಕಾರಣ ಸಮೇತ. ಹುಡುಗ ಕೆಟ್ಟವನಲ್ಲ. ಅವನ ತಪ್ಪು ಗೊತ್ತಿಲ್ಲದ್ದಲ್ಲ, ನೋಡದೆ ಹೇಳಿದ್ದು.

"ಪೂರಾ ಹೆಸರು ಹೇಳ್ರಿ ಸರ," ಎಂದು ಅವನು ಬೆನ್ನು ಹತ್ತಿದ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಪಠ್ಯಪುಸ್ತಕದಲ್ಲಿ ಕುಟುಂಬ, ಜಾತಿ, ಪ್ರಭೇದ ಎಂದಿರುತ್ತದೆ. ಊರಲ್ಲಿ ಜಾತಿ ಎಂದರೆ ತಲೆ ಬೇರೆ ಕಡೆ ಹೋಗುತ್ತದೆ. ಅದರ ಬದಲು ಅಡ್ಡಹೆಸರು, ಅಂದರೆ ಮನೆಯವರೆಲ್ಲರಿಗೂ ಒಂದೇ ಆದ ಮನೆಹೆಸರು, ಎಂದರೆ ಎಲ್ಲರಿಗೂ ಹತ್ತುತ್ತದೆ. ವೈಜ್ಞಾನಿಕ ಹೆಸರಿನಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹೆಟೆರೊಪೋಡಾ ವೆನಟೋರಿಯಾ ಎಂದರೆ ಹೆಟೆರೊಪೋಡಾ ಅಡ್ಡಹೆಸರು, ವೆನಟೋರಿಯಾ ಹೆಸರು, ಬೇಟೆಗೆ ಸಂಬಂಧಿಸಿದ್ದು ಎಂದರ್ಥ. ಹಿಂದೆ ಹೆಸರಿಟ್ಟವರ ಹೆಸರು, ಇಸವಿ: ಲಿನೆಯಸ್, 1767. ಅದನ್ನು ಕಂಸದಲ್ಲಿ ಬರೆಯುತ್ತಾರೆ, ಆ ಕಂಸಕ್ಕೆ ಅರ್ಥವಿದೆ. ಲಿನೆಯಸ್ ಇದನ್ನು ಅರೇನಿಯ ಎಂಬ ಜಾತಿಯಲ್ಲಿಟ್ಟಿದ್ದ. ಆ ಕಾಲಕ್ಕೆ ಜೇಡಗಳೆಲ್ಲ ಅದೇ ಒಂದು ಮನೆಯವು. ಮುಂದೆ ಬೇರೆ ಜಾತಿಗೆ ಬಂತು. ಮದುವೆಯಾಗಿ ಬಂದ ಹೆಣ್ಣುಮಗಳ ಅಡ್ಡಹೆಸರು ಬದಲಾಗಿ ಅವಳ ಹೆಸರು ಉಳಿದ ಹಾಗೆ. ಇಡುವಾಗಿನ ಅಡ್ಡಹೆಸರೇ ಇಂದಿಗೂ ಉಳಿದಿದ್ದರೆ ಕಂಸ ಇರುವುದಿಲ್ಲ. ಅದೇ ತೋಟದ ಬೇಲಿಯ ಬಾರಿ ಗಿಡದಲ್ಲಿ ಧೂಳು ಹಿಡಿದ ಕಂಬಳಿ ಚೂರಿನಂತೆ ಜೋತ ಗೂಡಿತ್ತು, ಒಂದೇ ಗೂಡಿನಲ್ಲಿ ಹತ್ತಾರು ಜೇಡ ಕೂಡಿ ಬಾಳುವಂಥದು. ಎರೆಸಿಡೇ ಕುಟುಂಬದ ಸ್ಟೆಗೋಡಿಫಸ್ ಸರಸಿನೋರಮ್, ಕಾರ್ಶ್, 1892. ಅದಕ್ಕೆ ಕಂಸವಿಲ್ಲ.

ಜೇಡಗಳಿಗೆ ಇನ್ನೊಂದು ಹಿರಿಮೆಯಿದೆ. ಪ್ರಾಣಿಗಳ ಹೆಸರಿನ ಲೆಕ್ಕ ಎಲ್ಲ ಕಡೆ ಲಿನೆಯಸ್‌ನ 1758ರಿಂದ ಶುರು. ಜೇಡಗಳಲ್ಲಿ ಮಾತ್ರ ಸ್ವೀಡನ್ನಿನ ಕ್ಲೆರ್ಕ್ 1757ರಲ್ಲಿ ಕೊಟ್ಟ ಹೆಸರುಗಳಿಗೂ ಮಾನ್ಯತೆಯಿದೆ. ಈಗ ಜಗತ್ತಿನಲ್ಲಿ 50,000ಕ್ಕೂ ಮಿಕ್ಕ ಪ್ರಭೇದ, 130 ದಾಟಿದ ಕುಟುಂಬ. ಇಷ್ಟರಲ್ಲಿ ಒಂದಕ್ಕೆ ಪೂರಾ ಹೆಸರು ಹೇಳಬೇಕಾದರೆ ಎಲ್ಲಿ ನೋಡಬೇಕು?

ಹೆಣ್ಣಾದರೆ ಹೊಟ್ಟೆಯ ಅಡಿಯಲ್ಲಿ, ಮುಂಭಾಗದಲ್ಲಿ, ಪುಪ್ಪುಸಗಳ ನಡುವಿನ ಸಣ್ಣ ಗಟ್ಟಿ ತಗಡು, ಎಪಿಜೈನ್ ಎನ್ನುತ್ತಾರೆ. ಗಂಡಾದರೆ ಬಾಯಿಯ ಪಕ್ಕದ ಗಿಡ್ಡ ಕೈಗಳ ತುದಿಯ ಉಬ್ಬು. ಎರಡೂ ಜನನಾಂಗಗಳು, ಬೀಗ ಮತ್ತು ಕೀಲಿಯ ಹಾಗೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಆದ್ದರಿಂದಲೇ ಮರಿ ಜೇಡಕ್ಕೆ ಪ್ರಭೇದದ ಹೆಸರು ಹೇಳುವುದು ಬಹುತೇಕ ಆಗದ ಮಾತು. ಕೈತುದಿ ಉಬ್ಬಿದ್ದರೂ ನುಣುಪಾಗಿದ್ದರೆ ಆ ಗಂಡಿಗೆ ಇನ್ನೊಂದು ಪೊರೆ ಬಾಕಿ. ಒಳಗಿನ ಕೊಕ್ಕೆ, ಸುರುಳಿ ಕಂಡರೆ ಮಾತ್ರ ಬೆಳೆದದ್ದು. ಹೆಣ್ಣಿನಲ್ಲಿ ಹೊರಗಿನ ತಗಡು ಸಾಲದಿದ್ದರೆ ಮಾದರಿಯಿಂದ ಅದನ್ನು ಸೂಜಿಯಲ್ಲಿ ಬಿಡಿಸಿ, ಲವಂಗದ ಎಣ್ಣೆಯಲ್ಲಿ ಇಟ್ಟು ಪಾರದರ್ಶಕ ಮಾಡಿ ಒಳನಾಳಗಳನ್ನು ನೋಡಬೇಕು. ನೂರಕ್ಕೆ ಹತ್ತರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನೂ ಬಳಸುತ್ತಾರೆ, ಆದರೆ ಬಿಟ್ಟು ಮರೆತರೆ ನೋಡಬೇಕಾದದ್ದೇ ಕರಗಿ ಹೋಗುತ್ತದೆ.

ಮಾದರಿ ಇಡುವುದರಲ್ಲೂ ಹಾಗೆ. ಚಿಟ್ಟೆಯಂತೆ ಸೂಜಿ ಚುಚ್ಚಿ ಒಣಗಿಸಿದರೆ ಜೇಡದ ಹೊಟ್ಟೆ ಮುದುಡಿ ಆಕಾರವೇ ಉಳಿಯುವುದಿಲ್ಲ. ನೂರಕ್ಕೆ 70ರ ಆಲ್ಕೋಹಾಲಿನಲ್ಲೇ ಇಡಬೇಕು: 95ರದ್ದು 70 ಮಿ.ಲೀ. ತೆಗೆದುಕೊಂಡು ಭಟ್ಟಿ ಇಳಿಸಿದ ನೀರು ಸೇರಿಸಿ 95 ಮಿ.ಲೀ. ಮಾಡಿದರೆ ಸರಿಹೋಗುತ್ತದೆ. ಫಾರ್ಮಲಿನ್ ಬೇಡ, ಕೀಲು ಬಿಗಿದು ಕೈಕಾಲು ಸರಿಸಲು ಬಾರದು. ಚೀಟಿ ಸೀಸೆಯ ಒಳಗೇ ಇರಬೇಕು, ಪೆನ್ಸಿಲ್‌ನಲ್ಲಿ ಬರೆದಿರಬೇಕು. ಬಾಲ್‌ಪೆನ್ನಿನ ಮಸಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಊರು, ದಿನಾಂಕ, ಹಿಡಿದವರ ಹೆಸರು ಹೋದ ಮೇಲೆ ಆ ಜೇಡ ಯಾವ ಲೆಕ್ಕಕ್ಕೂ ಬಾರದು. ಹೊರಗೆ ಅಂಟಿಸಿದ ಚೀಟಿ ಒಂದು ಮಳೆಗಾಲಕ್ಕೆ ಉದುರುತ್ತದೆ.

ಶೆಡ್ಡಿನ ಜೇಡಕ್ಕೆ ಮರಳುತ್ತೇನೆ. ಸ್ಪಾರಾಸಿಡೇ ಸರಿ. ಮುಂಸಾಲಿನ ನಾಲ್ಕು ಕಣ್ಣುಗಳಲ್ಲಿ ನಡುವಿನೆರಡು ಅಂಚಿನವಕ್ಕಿಂತ ಸಣ್ಣವು, ಕಣ್ಣಿನ ಕೆಳಗೆ ಮುಖದ ಅಡ್ಡಕ್ಕೆ ಕೆನೆಬಣ್ಣದ ಪಟ್ಟಿ. ಹೆಟೆರೊಪೋಡಾ ಎನ್ನಲು ಅಡ್ಡಿಯಿಲ್ಲ. ಬಿಸಿಲ ನಾಡುಗಳ ಮನೆಗಳಲ್ಲಿ, ಸರಕಿನ ಜೊತೆ ಹಡಗು ಹತ್ತಿ ಜಗತ್ತು ಸುತ್ತಿದ ವೆನಟೋರಿಯಾ ಇದೇ ಇರಬೇಕು ಅನ್ನಿಸಿದ್ದೂ ಹೌದು. ಆದರೆ ಅನ್ನಿಸುವುದು ಬೇರೆ, ನೋಡುವುದು ಬೇರೆ. ನೋಡಬೇಕಾದ ಆ ಸಣ್ಣ ತಗಡಿನ ಮೇಲೆ ಸರಿಯಾಗಿ ತತ್ತಿಯ ಬಿಲ್ಲೆ ಮುಚ್ಚಿ ಕೂತಿತ್ತು. ಒಂದು ಕಡ್ಡಿಯಲ್ಲಿ ಸರಿಸಿದರೆ ಕಂಡೀತು. ಹುಡುಗ ಕಸಬರಿಗೆ ಕಡ್ಡಿ ಮುರಿದು ತಂದೂ ಆಗಿತ್ತು. ಬೆದರಿದ ತಾಯಿ ಚೀಲ ಬಿಟ್ಟು ಓಡುವುದುಂಟು. ಬಿಟ್ಟ ಚೀಲ ಇರುವೆಯ ಪಾಲು.

ಅವ್ವ ಅಂದದ್ದು ಆಗಲೇ. "ತತ್ತಿ ಸರಿಸಿ ನೋಡಬ್ಯಾಡ್ರಿ ಸರ."

"ಹಂಗಾರ ಹೆಸರು ಗೊತ್ತಾಗಲಿಲ್ಲ ಅಂತಾತು," ಅಂದ ಹುಡುಗ.

"ಮನಿತನ ಗೊತ್ತಾತು, ಅಡ್ಡಹೆಸರು ಗೊತ್ತಾತು. ಹೆಸರು ತತ್ತಿ ಕೆಳಗ ಐತಿ. ಇರವಲ್ದ್ಯಾಕ."

ನಾಲ್ಕು ದಿನದಿಂದ ಈ ಮಾತುಕತೆ ಮತ್ತೆ ಮತ್ತೆ ತಿರುವಿ ಹಾಕುತ್ತಿರುವುದಕ್ಕೆ ಕಾರಣವಿದೆ. ಪ್ರಭೇದದ ಕಾಲಂ ಖಾಲಿ ಬಿಡುವುದನ್ನು ಸೋಲೆಂದು ತಿಳಿದವರು ಬಹಳ. ಫೋಟೋ ನೋಡಿ ಪ್ರಭೇದದವರೆಗೆ ಬರೆದು ಮುಗಿಸಿದ ಪಟ್ಟಿಗಳನ್ನು ತೆರೆದರೆ ಅರ್ಧ ಮರಿಗಳು, ಅವಕ್ಕೂ ಪೂರಾ ಹೆಸರು. ಕುಟುಂಬದಲ್ಲಿ ನಿಂತ ಬರಹವನ್ನು ನಾಳೆ ಇನ್ನೊಬ್ಬರು ಮುಂದುವರಿಸಬಹುದು. ತಪ್ಪು ಪ್ರಭೇದ ಬರೆದರೆ ಅದನ್ನು ಒಬ್ಬರಿಂದ ಒಬ್ಬರು ನಕಲು ಮಾಡಿ, ಇಲ್ಲದ ಜೇಡ ನಮ್ಮ ಜಿಲ್ಲೆಯಲ್ಲಿ ಇದೆಯೆಂದಾಗುತ್ತದೆ, ಇರುವ ಜೇಡ ಮರೆಯಾಗುತ್ತದೆ. ಜೇಡ ಹುಡುಕಿ ಖಾನಾಪುರದ ಕಾಡಿನ ಕಡೆ ಹೋಗುವ ಕಣ್ಣುಗಳಲ್ಲಿ ಒಂದಿಷ್ಟಾದರೂ ನಮ್ಮ ಡೋಣಿ ಹೊಳೆಸಾಲಿನ ಎರೆಹೊಲದ ಕಡೆ ಹೊರಳಬೇಕು. ಜೇಡ ಅಂದರೆ ನೇಕಾರ ಎಂಬ ಅರ್ಥವೂ ಇರುವ ಭಾಷೆ ನಮ್ಮದು. ಇಳಕಲ್ಲು, ಗುಳೇದಗುಡ್ಡದ ನೂಲನ್ನು ಮುಟ್ಟಿ ನೋಡಿ ಬೇರೆ ಮಾಡುವ ಜನ ಇದ್ದಾರೆ, ಈ ನೂಲನ್ನು ನೋಡಿ ಬೇರೆ ಮಾಡುವ ಅವ್ವಂದಿರೂ ಇದ್ದಾರೆ. ಅವರನ್ನು ಕೇಳುವವರಿಲ್ಲ.

ಕಚ್ಚಿದರೆ ಏನಾಗುತ್ತದೆಂದು ಹುಡುಗ ಮತ್ತೆ ಕೇಳಿದ, ಕೇಳಬೇಕಾದದ್ದೇ. ಹಿಡಿದು ಅದುಮಿದರೆ ಕಚ್ಚುತ್ತದೆ, ನೋವು, ಬಾವು ಬರುತ್ತದೆ, ಇಳಿಯುತ್ತದೆ, ಮನುಷ್ಯ ಸಾಯುವಂಥದಲ್ಲ. ಅಷ್ಟು ಹೇಳಿದ ಮೇಲೆ ಅವನೇ ಪಂಪು ಎತ್ತಿ ಹೊರಗಿಟ್ಟ.

ಗೋಡೆಗೆ ಬರಣಿ ಬೋರಲಿಟ್ಟು ರಟ್ಟು ಎಳೆದಾಗ ಜೇಡ ತಕ್ಷಣ ಹೋಗಲಿಲ್ಲ. ಮುಂಗಾಲೆರಡನ್ನು ಗೋಡೆಗೆ ಮುಟ್ಟಿಸಿ ನೋಡಿತು. ಆಮೇಲೆ ಬಿಲ್ಲೆಯನ್ನು ಅಡಿಯಲ್ಲಿ ಇನ್ನಷ್ಟು ಒತ್ತಿಕೊಂಡು, ಒಂದೇ ಸಲಕ್ಕೆ ಕ್ರೇಟುಗಳ ಸಂದಿಗೆ ಸರಿಯಿತು.

ವಹಿಯಲ್ಲಿ ಬರೆದದ್ದು: ತಿಕೋಟಾ, ಮಣೂಕದ ಶೆಡ್ಡು. ಸ್ಪಾರಾಸಿಡೇ. ಹೆಟೆರೊಪೋಡಾ. ಬೆಳೆದ ಹೆಣ್ಣು, ತತ್ತಿ ಸಹಿತ. ಮುಂದಿನ ಕಾಲಂ ಖಾಲಿ.

"ಆ ಮೂಲಿ ಕ್ರೇಟ ಒಂದ ತಿಂಗಳ ಮುಟ್ಟೂದು ಬ್ಯಾಡ್ರಿ ಸಣ್ಣ ಸಾವಕಾರ್ರ," ಅಂದರು ಅವ್ವ, ಬರಣಿ ಒರೆಸುತ್ತ. ಅವನು ಉಳಿದ ಕ್ರೇಟುಗಳನ್ನು ಇನ್ನೊಂದು ಗೋಡೆಯ ಕಡೆ ಜೋಡಿಸತೊಡಗಿದ.