ಸೈಟ್ ತಗೊಳೋಕೆ ವಕೀಲ್ರು ಯಾಕೆ ಬೇಕು?

ದಾವಣಗೆರೆಯ ಅವರಗೆರೆ ಕಡೆ ಸೈಟ್ ತಗೊಂಡಾಗಿಂದ ನಮ್ಮ ಬಳಗದಲ್ಲಿ ಯಾರು ಜಾಗ ನೋಡಿದ್ರೂ ನಂಗೊಂದು ಫೋನ್ ಬರುತ್ತೆ, ಎಲ್ರದ್ದೂ ಒಂದೇ ಪ್ರಶ್ನೆ, "ಇಸಿ, ಅಂದ್ರೆ ಋಣಭಾರ ಪತ್ರ, ಕ್ಲಿಯರ್ ಐತಿ, ಪತ್ರ ಬರೆಯೋಕೆ ಬಾಂಡ್ ರೈಟರ್ ಅದಾರೆ, ಮತ್ತೆ ವಕೀಲ್ರಿಗೆ ಯಾಕ್ ದುಡ್ಡು ಕೊಡ್ಬೇಕು?"

ಕೊಡ್ರಿ ಅಂತೀನಿ ನಾನು. ಅದೂ ಅಡ್ವಾನ್ಸ್ ಕೊಡೋಕಿಂತ ಮೊದ್ಲೇ.

ಇಸಿಯಲ್ಲಿ ಬರೋದು ನೋಂದಣಿ ಆಗಿರೋ ವ್ಯವಹಾರ ಅಷ್ಟೇ. ಮನೇಲಿ ಪಂಚರು ಕೂತು ಮಾಡಿದ ಪಾಲು, ರಿಜಿಸ್ಟರ್ ಆಗದ ವಿಲ್, ಕೋರ್ಟಲ್ಲಿ ನಡೀತಿರೋ ಪಾಲಿನ ಕೇಸು, ಇವು ಸಾಮಾನ್ಯವಾಗಿ ಅದ್ರಲ್ಲಿ ಕಾಣಲ್ಲ. ಬಾಂಡ್ ರೈಟರ್ ನಾವು ಹೇಳಿದ್ದನ್ನ ಬರೀತಾರೆ, ಸಬ್ ರಿಜಿಸ್ಟ್ರಾರ್ ಪತ್ರ ರಿಜಿಸ್ಟರ್ ಮಾಡ್ತಾರೆ, ಮಾರೋರಿಗೆ ನಿಜವಾಗ್ಲೂ ಹಕ್ಕು ಐತಾ ಅಂತ ಬುಡದಿಂದ ನೋಡೋದು ಅವರಿಬ್ರ ಕೆಲ್ಸ ಅಲ್ಲ.

ನಾವು ಮೊದ್ಲು ಮೆಚ್ಚಿದ್ದು ಬೇರೆ ಸೈಟು. ವಕೀಲ್ರು ಬೇರೆ ಕಾಗದ ಎಲ್ಲ ಬದಿಗಿಟ್ಟು ವಂಶವೃಕ್ಷ ಕೇಳಿದ್ರು, ಹಾಳೆ ಮೇಲೆ ಪೆನ್ನಿಟ್ಟು ಒಂದೊಂದೇ ಹೆಸ್ರು ಓದ್ಕೊಂತ ಬಂದು ಮೂರನೇದಕ್ಕೆ ನಿಲ್ಸಿದ್ರು. "ಈ ಹೆಣ್ಮಗಳ ಸಹಿ ಎಲ್ಲೈತ್ರಿ?" 2009ರಲ್ಲಿ ಅಣ್ಣ ತಮ್ಮ ಇಬ್ರೇ ಪಾಲು ಮಾಡ್ಕೊಂಡಿದ್ರು, ರಾಣೆಬೆನ್ನೂರಿಗೆ ಕೊಟ್ಟಿದ್ದ ಅಕ್ಕನ್ನ ಕೇಳೇ ಇರ್ಲಿಲ್ಲ, ಮದುವೆ ಮಾಡಿಕೊಟ್ಟ ಮೇಲೆ ಆಕೆದೇನೈತಿ ಅಂದ್ರು. ಐತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನಷ್ಟೇ ಹಕ್ಕು, ತಿದ್ದುಪಡಿ ಆದಾಗ ತಂದೆ ಬದುಕಿರಲೇಬೇಕು ಅಂತಾನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳೈತಿ. ನಮ್ಮನೇಲೂ ಇಬ್ರು ಹೆಣ್ಮಕ್ಳು ಅದಾರೆ, ಒಬ್ಬಾಕೆನ್ನ ಬಿಟ್ಟು ಬರ್ಕೊಂಡ ಜಾಗದಾಗೆ ಮನೆ ಕಟ್ಟೋಕೆ ನಂಗೆ ಮನ್ಸೂ ಬರ್ತಿರ್ಲಿಲ್ಲ. ಆಕೆ ಸಹಿ ಹಾಕಿಸ್ರಿ ಅಂದ್ವಿ, ಆಗಲ್ಲ ಅಂದ್ರು, ಬಿಟ್ವಿ.

ಇನ್ನೊಂದು, ಮಂಜೂರಾದ ಜಮೀನು. ಎಸ್‌ಸಿ ಎಸ್‌ಟಿ ಕುಟುಂಬಕ್ಕೆ ಸರ್ಕಾರ ಕೊಟ್ಟ ಭೂಮಿನ ಸರ್ಕಾರದ ಅನುಮತಿ ಇಲ್ದೆ ಮಾರಂಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಐತಿ, ಎಷ್ಟು ಕೈ ದಾಟಿದ್ರೂ ಎಸಿ (ಉಪವಿಭಾಗಾಧಿಕಾರಿ) ಮುಂದೆ ಅರ್ಜಿ ಹಾಕಿ ಅವರು ವಾಪಸ್ ಕೇಳಬಹುದು, ಅದಕ್ಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡೀನೂ ಆತು. ಅದು ಅವರ ನ್ಯಾಯವಾದ ಹಕ್ಕು, ನಾವೇ ನೋಡ್ಕೊಂಡು ತಗೋಬೇಕು. ಮೂಲ ಹುಡುಕೋಕೆ ಹಳೇ ಕಡತಕ್ಕೇ ಹೋಗ್ಬೇಕು, ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ನಮ್ಮ ತಾಲ್ಲೂಕಿನ ಅದಕ್ಕೂ ಹಿಂದಿನ ಡಿಸಿ ಆದೇಶ ಅಂದ್ರೆ ಚಿತ್ರದುರ್ಗ ಡಿಸಿದು. ಇದನ್ನ ಎಲ್ಲಿ ಕೇಳ್ಬೇಕು ಅನ್ನೋದು ದಿನಾ ಅದೇ ಕೆಲ್ಸ ಮಾಡೋ ವಕೀಲ್ರಿಗೆ ಗೊತ್ತಿರುತ್ತೆ.

ಲೋನ್ ಕೊಡೋ ಬ್ಯಾಂಕಿನ ವಕೀಲ್ರು ನೋಡ್ತಾರಲ್ಲ ಅಂತಾರೆ ಕೆಲವರು. ಅವರು ನೋಡೋದು ಬ್ಯಾಂಕಿನ ದುಡ್ಡಿಗೋಸ್ಕರ, ಅಷ್ಟೊತ್ತಿಗೆ ನಿಮ್ಮ ಅಡ್ವಾನ್ಸ್ ಹೋಗಿರುತ್ತೆ.

ಈಗಿನ ಸೈಟಿನ ಕ್ರಯಪತ್ರಕ್ಕೆ ಮಾರೋರ ಇಬ್ರು ತಂಗೇರೂ ಬಂದು ಸಹಿ ಮಾಡಿದ್ರು, ಒಬ್ರು ಜಗಳೂರಿಂದ ಬೆಳಗಿನ ಬಸ್ಸಿಗೇ ಬಂದಿದ್ರು. ವಕೀಲ್ರಿಗೆ ನಾನು ಕೊಟ್ಟಿದ್ದು 6 ಸಾವಿರ. ನೀವು ಹೋಗೋವಾಗ ಇಸಿ, ಪಹಣಿ, ಮ್ಯುಟೇಷನ್, ಅಲಿನೇಷನ್ (ಭೂಪರಿವರ್ತನೆ) ಆದೇಶ, ಧೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ನಕ್ಷೆ, ಇ-ಖಾತಾ ಎಲ್ಲದ್ದೂ ಜೆರಾಕ್ಸ್ ತಗೊಂಡ್ಹೋಗ್ರಿ, ವಂಶವೃಕ್ಷ ಮಾತ್ರ ಮರೀಬೇಡ್ರಿ.