ಗಟ್ಟಿ ಇದ್ರಲ್ವಾ ಶಕ್ತಿ ಬರೋದು?

"ಗಟ್ಟಿ ಇದ್ರಲ್ವಾ ಸಿಸ್ಟರ್, ಶಕ್ತಿ ಬರೋದು?"

ಸೋಮವಾರ ಮಕ್ಕಳ ಒಪಿಡಿಯ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರ ಈ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. ಕೈಯಲ್ಲಿ ಸ್ಟೀಲ್ ಲೋಟ, ಮಡಿಲಲ್ಲಿ ಒಂದೂವರೆ ವರ್ಷದ ಮೊಮ್ಮಗು. ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಓಆರ್‌ಎಸ್ ಪೊಟ್ಟಣವನ್ನು ಇಡಿಯಾಗಿ ಆ ಒಂದೇ ಲೋಟಕ್ಕೆ ಕದಡಿದ್ದರು. ಭೇದಿ ಹೆಚ್ಚಾಗಿತ್ತು, ಮಗು ನೀರು ನೀರು ಅಂತ ಅಳುತ್ತಿತ್ತು.

"ಪ್ಯಾಕೆಟ್ ಮೇಲೇ ಬರ್ದಿದ್ಯಲ್ಲ ಅಜ್ಜಿ, ಯಾರ ಹತ್ರಾನಾದ್ರೂ ಓದಿಸ್ಬಾರ್ದಾ?" ಅಂತ ಸಿಸ್ಟರ್ ರೇಗಿದರು. ರೇಗಿದ್ದು ಸರಿ ಕಾಣಲಿಲ್ಲ. ಆ ಅಕ್ಷರ ಕನ್ನಡಕ ಹಾಕಿದವರಿಗೂ ಕಷ್ಟ. ಅಂಗಡಿಯಲ್ಲಿ ಸಿಗುವುದೂ ಎರಡು ಬಗೆ: ಲೀಟರಿಗೆ 20–22 ಗ್ರಾಮಿನದು, 200 ಮಿ.ಲೀ.ಗೆ 4 ಗ್ರಾಂ ಚಿಲ್ಲರೆಯದು. ಹೋದ ಸಲ ಸಣ್ಣದನ್ನು ಲೋಟಕ್ಕೆ ಹಾಕಿದವರು ಈ ಸಲ ದೊಡ್ಡದನ್ನೂ ಲೋಟಕ್ಕೇ ಹಾಕುತ್ತಾರೆ.

ಅಜ್ಜಿಯ ತರ್ಕವೂ ಹುಟ್ಟಿದ್ದು ಅಡುಗೆಮನೆಯಲ್ಲೇ. ನಮ್ಮ ಬಾಯಲ್ಲಿ ಗಟ್ಟಿ ಹಾಲು, ಗಟ್ಟಿ ಮಜ್ಜಿಗೆ ಅಂದರೆ ಹೊಗಳಿಕೆ. ಸಾರು ನೀರಾಗಿದೆ ಅಂದರೆ ಮಾಡಿದವರಿಗೆ ಅವಮಾನ. ಆದರೆ ಜೀವಕೋಶ ಲೆಕ್ಕ ಹಾಕುವುದೇ ಬೇರೆ ರೀತಿ.

ರಕ್ತದಲ್ಲಿ ಕರಗಿದ ಕಣಗಳ ಲೆಕ್ಕ ಲೀಟರಿಗೆ ಸುಮಾರು 290 ಮಿಲಿಆಸ್ಮೋಲ್. ಸರಿಯಾಗಿ ಬೆರೆಸಿದ ಓಆರ್‌ಎಸ್‌ನದು 245, ಬೇಕೆಂದೇ ರಕ್ತಕ್ಕಿಂತ ತುಸು ತೆಳು. ಹಳೆಯ ಓಆರ್‌ಎಸ್ 311 ಇತ್ತು. ತೆಳುವಾದದ್ದರಲ್ಲಿ ಭೇದಿ, ವಾಂತಿ ಎರಡೂ ಕಡಿಮೆ ಎಂದು ಗೊತ್ತಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಇಳಿಸಿತು. ಕರುಳಿನ ಗೋಡೆಯ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಲ್ಲಿ ಜೊತೆಯಾಗಿ ಒಳಹೋಗುತ್ತವೆ. ಭೇದಿಯಲ್ಲೂ ಆ ಬಾಗಿಲು ಕೆಟ್ಟಿರುವುದಿಲ್ಲ. ಅವೆರಡರ ಹಿಂದೆ ನೀರು ತಾನಾಗಿ ಹೋಗುತ್ತದೆ. ಅದಕ್ಕೇ ಲೀಟರಿಗೆ ಗ್ಲೂಕೋಸ್ 75, ಸೋಡಿಯಂ 75 ಮಿಲಿಮೋಲ್, ಸಮಸಮ.

ಈಗ ಅಜ್ಜಿಯ ಲೋಟ. 200 ಮಿ.ಲೀ. ಅಂದರೆ ಐದು ಪಟ್ಟು ಗಟ್ಟಿ: 1225. ಸಮುದ್ರದ ನೀರೇ 1000ದ ಆಸುಪಾಸು. ಸೋಡಿಯಂ 375, ರಕ್ತದಲ್ಲಿ ಇರಬೇಕಾದ್ದು 135ರಿಂದ 145. ಇಷ್ಟು ಗಟ್ಟಿ ದ್ರಾವಣ ಕರುಳಿಗಿಳಿದರೆ ನೀರು ಒಳಗೆ ಹೋಗುವ ಬದಲು ರಕ್ತದಿಂದಲೇ ಕರುಳಿಗೆ ಸೋರುತ್ತದೆ. ಭೇದಿ ಹೆಚ್ಚಿದ್ದು ಅದಕ್ಕೇ. ಮೇಲಿಂದ ಒಂದಿಷ್ಟು ಉಪ್ಪು ರಕ್ತ ಸೇರಿ, ಮೆದುಳಿನ ಕೋಶಗಳ ನೀರನ್ನೂ ಎಳೆಯುತ್ತದೆ. ಮಗು ಮೊದಲು ಕಿರಿಕಿರಿ ಮಾಡುತ್ತದೆ, ಆಮೇಲೆ ಮಂಕಾಗುತ್ತದೆ. ಹಾಗಂತ ಗಾಬರಿಯಲ್ಲಿ ನೀರು ನುಗ್ಗಿಸಿದರೂ ಅಪಾಯವೇ. ಕುಗ್ಗಿದ ಕೋಶಗಳು ದಿನ ಕಳೆದಂತೆ ತಮ್ಮೊಳಗೂ ಕಣ ಕೂಡಿಸಿಕೊಂಡಿರುತ್ತವೆ, ಒಮ್ಮೆಲೇ ನೀರು ಬಂದರೆ ಊದಿ ಫಿಟ್ಸ್ ಬರುತ್ತದೆ. ಏರಿದ ಸೋಡಿಯಂ ಅನ್ನು ದಿನಕ್ಕೆ ಲೀಟರಿಗೆ 10–12 ಮಿಲಿಮೋಲ್‌ಗಿಂತ ಹೆಚ್ಚು ಇಳಿಸಬಾರದು ಅನ್ನುವುದು ಇದಕ್ಕೇ.

ಸೂಕ್ಷ್ಮದರ್ಶಕದಲ್ಲಿ ಇದು ಕಣ್ಣಿಗೇ ಕಾಣುತ್ತದೆ. 0.9% ಉಪ್ಪುನೀರಿನಲ್ಲಿ ಕೆಂಪು ರಕ್ತಕಣ ದುಂಡಗೆ, ಮಧ್ಯೆ ತಗ್ಗು. 3% ಆದರೆ ಮುದುಡಿ, ಅಂಚೆಲ್ಲ ನೆಗ್ಗಿಲು ಮುಳ್ಳು. ಬಟ್ಟಿ ಇಳಿಸಿದ ನೀರಿನಲ್ಲಿ ಒಡೆದೇ ಹೋಗುತ್ತದೆ; ಟ್ಯೂಬಿನಲ್ಲಿ ಮಸುಕಾಗಿದ್ದ ರಕ್ತ ದಾಳಿಂಬೆ ರಸದಂತೆ ತಿಳಿಯಾಗುತ್ತದೆ. ವಿದ್ಯಾರ್ಥಿಗಳು ಎಡವುವುದು 1.8% ಯೂರಿಯಾದಲ್ಲಿ. ಕಣಗಳ ಲೆಕ್ಕ ರಕ್ತದಷ್ಟೇ, ಆದರೂ ಕೋಶ ಒಡೆಯುತ್ತದೆ. ಯೂರಿಯಾ ಪೊರೆ ದಾಟಿ ಒಳಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಹೊರಗೇ ಉಳಿಯುವ ಕಣ ಎಷ್ಟು ಅನ್ನುವುದಷ್ಟೇ ಟಾನಿಸಿಟಿ. ಪಠ್ಯಪುಸ್ತಕದ 'ಅಭಿಸರಣೆ' (ಪೊರೆ ದಾಟಿ ನೀರು ಗಟ್ಟಿಯ ಕಡೆಗೆ ಹರಿಯುವುದು) ಪಾಠದಲ್ಲಿ ಈ ಭೇದ ಹೇಳುವವರು ಕಮ್ಮಿ.

ಇದನ್ನೆಲ್ಲ ಅಜ್ಜಿಗೆ ಹೇಳುವುದು ಹೇಗೆ? ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ಸಿಸ್ಟರಿಗಿಂತ ಜಾಣೆ.

"ಅಜ್ಜಿ, ಮಾವಿನಮಿಡಿಗೆ ಉಪ್ಪು ಹಾಕಿಟ್ರೆ ಏನಾಗ್ತದೆ?"

"ನೀರು ಬಿಡ್ತದೆ. ಮಿಡಿ ಮುರುಟ್ತದೆ."

"ನೀರು ಎಲ್ಲಿಂದ ಬಂತು?"

"ಮಿಡಿ ಒಳಗಿಂದ್ಲೇ…" ಅಜ್ಜಿ ಲೋಟ ನೋಡಿದರು, ಮಗುವನ್ನು ನೋಡಿದರು. "ಹಂಗಾರೆ ಮಗೀನೇ ಉಪ್ಪಿಗೆ ಹಾಕ್ದಂಗಾತಲ್ಲೇ!"

ಮಗುವಿನ ಸೋಡಿಯಂ ಪರೀಕ್ಷೆಗೆ ರಕ್ತ ಹೋಯಿತು. ಲೋಟದ್ದು ಸಿಂಕಿಗೆ. ಲೀಟರ್ ಬಾಟಲಿಗೆ ಕತ್ತಿನವರೆಗೆ ಕುದಿಸಿ ಆರಿಸಿದ ನೀರು, ಅದಕ್ಕೊಂದು ಪೂರ್ತಿ ದೊಡ್ಡ ಪೊಟ್ಟಣ. ಅದರಲ್ಲಿ ಸಕ್ಕರೆ, ಹಾಲು, ಜ್ಯೂಸು ಏನೂ ಬೆರೆಸುವಂತಿಲ್ಲ. ಮತ್ತೆ ಕುದಿಸುವಂತಿಲ್ಲ, 24 ಗಂಟೆ ಕಳೆದರೆ ಚೆಲ್ಲುವುದು. ಈ ವಯಸ್ಸಿಗೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ., ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನ. ಅಜ್ಜಿ ಮೊದಲ ಚಮಚವನ್ನು ತಾವೇ ನೆಕ್ಕಿ ನೋಡಿದರು.

"ಕಣ್ಣೀರಿನಷ್ಟೂ ಉಪ್ಪಿಲ್ಲ," ಅಂದರು ಅನುಮಾನದಲ್ಲಿ. ಆಮೇಲೆ ಕುಡಿಸಿದರು.