ಅಕ್ವೇರಿಯಂ ಸಂದು ಎಲ್ಲಿಂದ ಬಿಡುತ್ತದೆ: ತೊಟ್ಟಿ ಕಟ್ಟುವವನ ಅನುಭವ

ಕಲಬುರಗಿಯಲ್ಲಿ ಗಾಜು ಕತ್ತರಿಸಿ ಮೀನಿನ ತೊಟ್ಟಿ ಕಟ್ಟಿಕೊಡುವುದು ನನ್ನ ಕೆಲಸ. ಸಂದು ಬಿಟ್ಟ ತೊಟ್ಟಿಯನ್ನು ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಗಾಜುಗಳನ್ನು ಅಂಟಿಸುವ ಸಿಲಿಕಾನ್ ಸರಿಯಿರಲಿಲ್ಲ ಎನ್ನುತ್ತಾರೆ. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ನಾನೇ ಕಟ್ಟಿ, ನಾನೇ ತೇಪೆ ಹಾಕಿದ ತೊಟ್ಟಿಯೊಂದು ಬಾಯಿಬಿಟ್ಟ ದಿನ ಆ ನಂಬಿಕೆ ಹೋಯಿತು.

ಅದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಮೂಲೆಯಲ್ಲಿ ನೀರು ಜಿನುಗುತ್ತಿದೆ ಎಂದು ಕರೆದಾಗ ಹೋಗಿ, ನೀರು ಖಾಲಿ ಮಾಡಿಸಿ, ಮೂಲೆಯನ್ನು ಒರೆಸಿ, ಹಳೆಯ ಸಿಲಿಕಾನ್ ಮೇಲೆಯೇ ಹೊಸದನ್ನು ಎಳೆದು ಬಂದೆ. ಎರಡು ವಾರ ಕಳೆಯುವುದರೊಳಗೆ ಒಂದು ನಸುಕಿನಲ್ಲಿ ಆ ಮನೆಯ ತಾಯಿಯ ಫೋನ್ ಬಂತು: “ತಮ್ಮಾ, ಫರಸಿ ಮ್ಯಾಲೆಲ್ಲ ನೀರು ಹರದಾವು, ಮೀನು ಒದ್ದಾಡಾಕತ್ತಾವ, ಲಗೂನ ಬಾ.” ನಾನು ಮುಟ್ಟುವಷ್ಟರಲ್ಲಿ ನಾಲ್ಕು ಗೋಲ್ಡ್‌ಫಿಶ್ ಸತ್ತಿದ್ದವು.

ಅಂಗಡಿಗೆ ತಂದು ಗಾಜು ಬಿಚ್ಚಿದೆ. ನಾನು ಎಳೆದಿದ್ದ ತೇಪೆ ಉಗುರಿನಿಂದ ಎತ್ತಿದೊಡನೆ ರಿಬ್ಬನ್ನಿನಂತೆ ಒಂದೇ ಎಳೆಯಾಗಿ ಕಿತ್ತು ಬಂತು, ಏಕೆಂದರೆ ಗಟ್ಟಿಯಾದ ಸಿಲಿಕಾನ್‌ಗೆ ಹೊಸ ಸಿಲಿಕಾನ್ ಭದ್ರವಾಗಿ ಹಿಡಿಯುವುದಿಲ್ಲ. ಅದರ ಹಿಂದೆ, ಗಾಜಿನ ಅಂಚಿನಲ್ಲಿ, ಅಂಟಿನ ಗುರುತೇ ಇಲ್ಲದೆ ಹೊಳೆಯುವ ಒಂದು ಜಾಗವಿತ್ತು. ಅದರ ಅಗಲ ಸರಿಯಾಗಿ ಒಂದು ಹೆಬ್ಬೆರಳಿನಷ್ಟು. ಕಟ್ಟುವಾಗ ಒರೆಸಿದ ಮೇಲೆ ನಾನು ಮತ್ತೆ ಅಲ್ಲಿ ಮುಟ್ಟಿದ್ದೆ ಎಂದು ಆಗ ತಿಳಿಯಿತು. ಬೆರಳಿನ ಜಿಡ್ಡು ಸಾಕು, ಸಂದು ಅಲ್ಲಿಂದಲೇ ಸಡಿಲುತ್ತದೆ. ಈಗ ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ರಿಪೇರಿಯಾದರೆ ಹಳೆಯ ಸಿಲಿಕಾನ್ ಅನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯುತ್ತೇನೆ. ಎರಡು ಗಾಜುಗಳ ನಡುವಿನ ಪದರವೇ ಬಿಟ್ಟಿದ್ದರೆ ಆ ಗಾಜನ್ನು ಬಿಚ್ಚಿ ಮತ್ತೆ ಕೂಡಿಸುತ್ತೇನೆ. ತೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಆ ನಡುವಿನ ಪದರ. ಒಳಮೂಲೆಯಲ್ಲಿ ಕಾಣುವ ಪಟ್ಟಿ ಅದಕ್ಕೆ ಕಾವಲು ಮಾತ್ರ, ಆದರೂ ಪಾಚಿ ಕೆರೆಯುವಾಗ ಬ್ಲೇಡಿನಿಂದ ಅದನ್ನು ಸೀಳಿಕೊಂಡವರನ್ನು ಬಹಳ ನೋಡಿದ್ದೇನೆ.

ಆ ಮನೆಯಲ್ಲಿ ಎರಡನೆಯ ಕಾರಣವೂ ಇತ್ತು. ನಮ್ಮ ಕಡೆ ಹಳೆಯ ಮನೆಗಳ ನೆಲವೆಲ್ಲ ಶಹಾಬಾದ್ ಫರಸಿ. ಕಲ್ಲು ಗಟ್ಟಿ, ಆದರೆ ಪಾಲಿಶ್ ಮಾಡದ ಫರಸಿಯ ಮೈ ಏರುಪೇರು. ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಬೆಂಕಿಕಡ್ಡಿ ಸರಾಗವಾಗಿ ತೂರಿತು. ಆ ತೊಟ್ಟಿ ತುಂಬಿದರೆ ನೀರೇ ಸುಮಾರು 190 ಕೆಜಿ. ಅಷ್ಟು ಭಾರ ಮೂರು ಕಾಲುಗಳ ಮೇಲೆ ನಿಂತಾಗ ತಳದ ಗಾಜು ತಿರುಚಿಕೊಳ್ಳುತ್ತದೆ, ಆ ಎಳೆತವನ್ನು ಒಂದು ಮೂಲೆಯ ಸಂದು ಹಗಲು ರಾತ್ರಿ ತಾಳಬೇಕಾಗುತ್ತದೆ. ಆದ್ದರಿಂದ ಈಗ ಗೌಂಡಿಗಳ ರಸಮಟ್ಟವನ್ನು ಒಯ್ದು, ಕಾಲುಗಳ ಕೆಳಗೆ ತಗಡು ಕೊಟ್ಟು ಮಟ್ಟ ಮಾಡಿ, ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಳೆ ಹಾಸಿಯೇ ಇಡುತ್ತೇನೆ.

ಎತ್ತರ ಹೆಚ್ಚಿಸಿ ಎಂದು ಕೇಳುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಆ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 95 ಕೆಜಿ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಉದ್ದ ಅಷ್ಟೇ ಇಟ್ಟು ಎತ್ತರವನ್ನು ಎರಡು ಅಡಿಗೆ ಏರಿಸಿದರೆ ಅದು ಸುಮಾರು 170 ಕೆಜಿ ಆಗುತ್ತದೆ. ಅರ್ಧ ಅಡಿಗೆ ಇಷ್ಟು ವ್ಯತ್ಯಾಸವಾದ್ದರಿಂದ ದಪ್ಪ ಗಾಜು, ಮೇಲೆ ಅಡ್ಡಪಟ್ಟಿ ಇಲ್ಲದೆ ನಾನು ಒಪ್ಪಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಒತ್ತಾಯ ಬರುತ್ತದೆ. ಇಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದರಿಂದ ಒಂದೇ ದಿನದಲ್ಲಿ ಒಣಗುತ್ತದಲ್ಲ, ನಾಳೆಯೇ ಕೊಡಿ ಎನ್ನುತ್ತಾರೆ. ವಿನೆಗರ್ ವಾಸನೆಯ ಈ ಸಿಲಿಕಾನ್ ಗಾಳಿಯ ತೇವವನ್ನು ಹೀರಿ, ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರ್‌ನಂತೆ ಗಟ್ಟಿಯಾಗುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಮೇಲೆ ಕೈಗೆ ಅಂಟದಂತಾದರೂ ಒಳಗೆ ಹಸಿಯೇ ಉಳಿದಿರುತ್ತದೆ. ಬೇರೆ ದಿನಗಳಲ್ಲಿ ಒಂದು ವಾರ, ಬೇಸಿಗೆಯಲ್ಲಿ ಹತ್ತು ದಿನ ಬಿಡುತ್ತೇನೆ.

ಆ ತಾಯಿಗೆ ಹಣ ಪಡೆಯದೆ ಹೊಸ ತೊಟ್ಟಿ ಕಟ್ಟಿದೆ. ಒಯ್ಯುವ ಮೊದಲು ಅಂಗಡಿಯಲ್ಲಿ ಮೂರು ದಿನ ನೀರು ತುಂಬಿಟ್ಟು, ಸಂದುಗಳ ಕೆಳಗೆ ಸುತ್ತಲೂ ಹಳೆಯ ಪತ್ರಿಕೆ ಹಾಸಿ, ಬೆಳಿಗ್ಗೆ ಸಂಜೆ ಬಗ್ಗಿ ನೋಡುತ್ತಿದ್ದೆ. ಕಾಗದ ಎಲ್ಲಿಯೂ ಒದ್ದೆಯಾಗಲಿಲ್ಲ.